ಎರಡನೆಯ ಡೋರ್ಕಸ್

ಸ್ಕೇರ್‌ಬೆಕ್, ಯಾರ್ಕ್‌ಶೈರ್
ಎರಡನೆಯ ತಿಂಗಳ 11ನೆಯ ದಿನ, 1934

ಹಲ್ ಬಂದರಿನ ಪಿಕಾರ್ಡ್ ಮನೆಯ ಒಡತಿಗೆ,

ಪರಿಚಯವಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸು. ‘ನೀನು’ ಎಂದು ಬರೆಯುತ್ತಿರುವುದು ಸದರದಿಂದಲ್ಲ. ನಾವು ಕ್ವೇಕರ್ ಪಂಥದವರು. ಒಬ್ಬರನ್ನು ಹಲವರೆಂಬಂತೆ ‘ನೀವು’ ಎಂದು ಕರೆಯುವುದು ಸತ್ಯವಲ್ಲ, ಬರಿಯ ಓಲೈಕೆ ಎಂದು ನಮ್ಮ ಹಿರಿಯರು ಬಗೆದರು. ಈಗ ನಮ್ಮವರಲ್ಲೂ ಬಹಳ ಜನ ಇದನ್ನು ಬಿಟ್ಟಿದ್ದಾರೆ. ನನ್ನ ಅಪ್ಪ ಬಿಟ್ಟಿಲ್ಲ. ಅವನ ಮನೆಯಲ್ಲಿ ಬೆಳೆದ ನನಗೆ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ನಾವು ಪ್ರಾರ್ಥನೆಗೆ ಸೇರುವ ಸಭಾಮನೆಗೆ ಬರುವ ವರ್ಷ ಇನ್ನೂರೈವತ್ತು ತುಂಬುತ್ತದೆ. ಅದರ ನೆನಪಿಗೆ ಒಂದು ಪುಸ್ತಕ ತರುತ್ತಾರೆ. ಮನೆತನಗಳ ವಂಶಾವಳಿ ಬರೆಯುವ ಕೆಲಸವನ್ನು ಶಾಲೆಯ ಟೀಚರ್ ಎಂಬ ಕಾರಣಕ್ಕೆ ನನಗೆ ಹೊರಿಸಿದ್ದಾರೆ. ನಮ್ಮದು ಮೂಲದಲ್ಲಿ ಆಚೆ ಕಣಿವೆಯ ಮನೆ. ನಾನು ಒಂದು ವರ್ಷದವಳಿದ್ದಾಗ ಇಲ್ಲಿಗೆ ಬಂದದ್ದು. ಅಲ್ಲಿನ ಸಭೆಯ ಹಳೆಯ ಪುಸ್ತಕಗಳನ್ನು ತರಿಸಿಕೊಂಡು ನೋಡಿದೆ.

ಹೆಸರುಗಳ ವಿಷಯದಲ್ಲಿ ನಮ್ಮವರು ಜಿಪುಣರು. ಅಜ್ಜಿಯ ಹೆಸರು ಮೊಮ್ಮಗಳಿಗೆ, ಅಜ್ಜನ ಹೆಸರು ಮೊಮ್ಮಗನಿಗೆ. ಒಂದು ಮಗು ತೀರಿಕೊಂಡರೆ ಮುಂದೆ ಹುಟ್ಟಿದ್ದಕ್ಕೆ ಅದೇ ಹೆಸರು. ನನ್ನ ಅಣ್ಣಂದಿರಿಬ್ಬರೂ ಐಸಾಕ್. ಮೊದಲನೆಯವನು ಹತ್ತು ತಿಂಗಳಿಗೆ ಹೋದ, ಎರಡನೆಯವನು ಮೂರು ವರ್ಷಕ್ಕೆ. ಇಬ್ಬರನ್ನೂ ಮಣ್ಣು ಮಾಡಿದ ದಿನ ಪುಸ್ತಕದಲ್ಲಿದೆ. ಒಂದು ಮನೆಯಲ್ಲಿ ಒಂದೇ ಹೆಸರು ಎರಡು ಸಲ ಕಂಡರೆ ಮೊದಲಿನವರ ಸಾವನ್ನು ಹುಡುಕಬೇಕು ಎಂಬುದು ಈ ಕೆಲಸಕ್ಕಿಳಿದವರು ಕಲಿಯುವ ಮೊದಲ ಪಾಠ.

ನನ್ನ ಹೆಸರು ಡೋರ್ಕಸ್. ಹುಟ್ಟಿದ್ದು 1900, ಆರನೆಯ ತಿಂಗಳು. ಅದೇ ಪುಸ್ತಕದಲ್ಲಿ 1878ರಲ್ಲಿ, ಅದೇ ತಂದೆ ಜೋನಸ್ ಆಲ್ಡರ್ಸನ್, ಅದೇ ತಾಯಿ ರೆಬೆಕಾ, ಮಗಳು ಡೋರ್ಕಸ್ ಎಂದಿದೆ. ನನಗಿಂತ ಮೊದಲು ಒಬ್ಬಳಿದ್ದಳೆಂದು ಅಪ್ಪ ಒಮ್ಮೆ ಹೇಳಿದ್ದ. ಕೂಸಾಗಿದ್ದಾಗಲೇ ಹೋಗಿರಬೇಕು ಎಂದುಕೊಂಡಿದ್ದೆ. ಆದರೆ 1899ರ ಒಂಬತ್ತನೆಯ ತಿಂಗಳ ಸಭೆಯ ನಡಾವಳಿಯಲ್ಲಿ ಅವಳು ಥಾಮಸ್ ಪಿಕಾರ್ಡ್ ಎಂಬ ಸೈನಿಕನನ್ನು ಚರ್ಚಿನಲ್ಲಿ ಪಾದ್ರಿಯ ಮುಂದೆ ಮದುವೆಯಾದಳೆಂದು ಬರೆದಿದ್ದಾರೆ; ಅವನ ಊರು ಹಲ್. ನಮ್ಮವರು ಯುದ್ಧವನ್ನೂ ಪಾದ್ರಿಯನ್ನೂ ಒಪ್ಪುವವರಲ್ಲ. ಆಮೇಲೆ ಏನೂ ಇಲ್ಲ. ನಾನು ಹುಟ್ಟುವುದರೊಳಗೆ, ಆ ಒಂಬತ್ತು ತಿಂಗಳಲ್ಲಿ, ಅವಳು ತೀರಿಕೊಂಡಿರಬೇಕು. ಅಮ್ಮನನ್ನು ಕೇಳೋಣವೆಂದರೆ ಅವಳು 1906ರಲ್ಲೇ ಹೋದಳು. ಅಪ್ಪನಿಗೆ ಎಪ್ಪತ್ತೊಂಬತ್ತು, ಈ ಮಾತು ಎತ್ತಿದರೆ ಎದ್ದು ಕುರಿಗಳ ಕಡೆ ನಡೆಯುತ್ತಾನೆ.

ಹಲ್‌ನ ಇನ್ನೆರಡು ಪಿಕಾರ್ಡ್ ಮನೆಗಳವರು ಗೊತ್ತಿಲ್ಲವೆಂದು ಬರೆದರು. ಥಾಮಸ್ ನಿನ್ನ ಬಳಗದವನಾದರೆ ಇಷ್ಟು ತಿಳಿಸು: ಅವನ ಹೆಂಡತಿ ಡೋರ್ಕಸಳನ್ನು ಎಲ್ಲಿ ಹೂಳಿದ್ದಾರೆ?

ನಿನ್ನ ಗೆಳತಿ,
ಡೋರ್ಕಸ್ ಆಲ್ಡರ್ಸನ್

*

ಹಲ್
19 ಫೆಬ್ರವರಿ 1934

ಮಿಸ್ ಆಲ್ಡರ್ಸನ್ ಅವರಿಗೆ,

ನೀವು ಕೇಳಿದ ಗೋರಿ ಇನ್ನೂ ತೋಡಿಲ್ಲ. ಅದರಲ್ಲಿ ಮಲಗಬೇಕಾದವಳು ಅಡುಗೆಮನೆಯಲ್ಲಿ ಕೂತು ಮೀನಿನ ಬಲೆ ಹೆಣೆಯುತ್ತಿದ್ದಳು. ಕಾಗದಕ್ಕೆ ಟಾರು ಮೆತ್ತಬಾರದೆಂದು ಕೈ ತೊಳೆದು ಬಂದು ಇದನ್ನು ಬರೆಯುತ್ತಿದ್ದಾಳೆ.

ಥಾಮಸ್ 1900ರ ಮೇ ತಿಂಗಳಲ್ಲಿ ದಕ್ಷಿಣ ಆಫ್ರಿಕಾದ ಯುದ್ಧದಲ್ಲಿ ಸತ್ತ. ಗುಂಡಿನಿಂದಲ್ಲ, ಜ್ವರದಿಂದ. ಮದುವೆಯಾಗಿ ಎಂಟು ತಿಂಗಳಾಗಿತ್ತು. ಒಟ್ಟಿಗಿದ್ದದ್ದು ಏಳು ವಾರ.

ನಿಮ್ಮ ಪತ್ರದಿಂದ ನನಗೆ ಎರಡು ಸುದ್ದಿ ತಿಳಿದವು. ನನ್ನ ತಾಯಿ ಸತ್ತು ಇಪ್ಪತ್ತೆಂಟು ವರ್ಷವಾಯಿತು ಎಂಬುದು ಒಂದು. ನನ್ನ ಹೆಸರು ಹೊತ್ತ ಆ ಕೂಸು ಬದುಕಿ, ಬೆಳೆದು, ಗುಂಡಗಿನ ಅಕ್ಷರ ಬರೆಯುತ್ತದೆ ಎಂಬುದು ಇನ್ನೊಂದು.

ಇಲ್ಲಿ ಬಂದರಿನಲ್ಲಿ ಮೀನು ಹೊರುವವರೂ ನನ್ನನ್ನು ನೀನು ಎನ್ನುತ್ತಾರೆ, ನಾನೂ ಅನ್ನುತ್ತೇನೆ. ಅದಕ್ಕೆ ಬೇಸರವಿಲ್ಲ. ನಿಮ್ಮ ಮನೆಯ ‘ನೀನು’ ಬೇರೆ. ಅದನ್ನು ನನ್ನಿಂದ ಕಿತ್ತುಕೊಂಡವರು ನಿಮ್ಮ ತಂದೆ. ಅದನ್ನು ಅಂಚೆಯಲ್ಲಿ ವಾಪಸು ಕಳಿಸಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಇತಿ,
ಮಿಸೆಸ್ ಡಿ. ಪಿಕಾರ್ಡ್

*

ಸ್ಕೇರ್‌ಬೆಕ್
ಮೂರನೆಯ ತಿಂಗಳ 4ನೆಯ ದಿನ, 1934

ಅಕ್ಕಾ,

ಹೀಗೆ ಕರೆಯಲೂ ನೀನು ಅಧಿಕಾರ ಕೇಳಬಹುದು. ಮೂವತ್ತಮೂರು ವರ್ಷ ನನಗೆ ಯಾರೂ ಇಲ್ಲವೆಂದು ತಿಳಿದಿದ್ದೆ, ಅದೊಂದೇ ನನ್ನ ಅಧಿಕಾರ.

ನಿನ್ನ ಪತ್ರ ಬಂದ ದಿನ ಅಪ್ಪ ಕುರಿಗಳಿಗೆ ಹುಲ್ಲು ಹಾಕಿ ಬಂದು ಬೂಟು ಬಿಚ್ಚುತ್ತಿದ್ದ.

“ಅಪ್ಪಾ, ಮೊದಲಿನ ಡೋರ್ಕಸ್ ಬದುಕಿದ್ದಾಳೆ” ಅಂದೆ.

“ಗೊತ್ತು.”

“ಗೊತ್ತಾ? ಸತ್ತಿದ್ದಾಳೆ ಅಂದಿದ್ದೆಯಲ್ಲ ನೀನು!”

“ಯಾವತ್ತು ಅಂದೆ? ನೆನಪು ಮಾಡ್ಕೊಂಡು ಹೇಳು. ‘ಅವಳು ನಮ್ಮ ಜೊತೆ ಇಲ್ಲ’ ಅಂದಿದ್ದೆ. ಇರಲಿಲ್ಲ.”

“ನಾನು ಸತ್ತಳು ಅಂತ ತಿಳ್ಕೊಂಡೆ. ಹಾಗೆ ತಿಳ್ಕೊಂಡಿದ್ದೀನಿ ಅಂತ ನಿನಗೆ ಗೊತ್ತಿತ್ತು.”

“ನೀನು ತಿಳ್ಕೊಂಡಿದ್ದಕ್ಕೆಲ್ಲ ನಾನು ಹೊಣೆಯಾ?”

ಅಪ್ಪ ಸುಳ್ಳು ಹೇಳುವುದಿಲ್ಲವೆಂದು ಊರೇ ನಂಬುತ್ತದೆ. ಕೋರ್ಟಿನಲ್ಲಿ ಅವನು ನಮ್ಮವರ ರೂಢಿಯಂತೆ ಪ್ರಮಾಣ ಮಾಡಲಾರೆ ಎಂದಾಗ ನ್ಯಾಯಾಧೀಶನೇ ನಕ್ಕು ‘ಈತನ ಬರೀ ಮಾತು ಸಾಕು’ ಅಂದಿದ್ದನಂತೆ. ಆ ಕಥೆ ಕೇಳುತ್ತಾ ಬೆಳೆದವಳು ನಾನು. ಸುಳ್ಳು ಹೇಳದೆಯೂ ಒಬ್ಬ ಮನುಷ್ಯ ಇನ್ನೊಬ್ಬಳನ್ನು ಮಣ್ಣು ಮಾಡಬಹುದೆಂದು ಆವತ್ತು ಗೊತ್ತಾಯಿತು.

“ಬದುಕಿರೋಳ ಹೆಸರನ್ನ ನನಗೆ ಹೇಗಪ್ಪಾ ಇಟ್ಟೆ?”

“ಹೆಸರು ಮನೇದು. ಮನೆ ಬಿಟ್ಟು ಹೋದೋರು ಅದನ್ನ ಗಂಟು ಕಟ್ಕೊಂಡು ಹೋಗಕ್ಕಾಗಲ್ಲ” ಅಂದ. ಬೂಟಿನ ಕೆಸರು ಕೆರೆಯುತ್ತಾ ಕೂತ.

ಇನ್ನೇನು ನಡೆಯಿತು ಅಕ್ಕಾ? ಅವನು ಹೇಳುವುದಿಲ್ಲ. ನೀನು ಹೇಳು.

ನಿನ್ನ ತಂಗಿ,
ಡೋರ್ಕಸ್

*

ಹಲ್
8 ಏಪ್ರಿಲ್ 1934

ಮಿಸ್ ಆಲ್ಡರ್ಸನ್ ಅವರಿಗೆ,

ಉತ್ತರ ಬರೆಯುವುದಿಲ್ಲವೆಂದು ಒಂದು ತಿಂಗಳು ಕೂತಿದ್ದೆ. ನೀವು ಪುಸ್ತಕ ನೋಡುವವರು, ಕಾಗದವನ್ನು ನಂಬುವವರು. ಇರಲಿ, ಒಂದು ಕಾಗದವನ್ನು ಅಕ್ಷರ ಬಿಡದೆ ನಕಲು ಮಾಡಿ ಕಳಿಸುತ್ತೇನೆ. ಮೂಲ ನನ್ನಲ್ಲೇ ಇರುತ್ತದೆ.

‘20 ಜೂನ್ 1900. ಮಾನ್ಯ ಮಿಸೆಸ್ ಪಿಕಾರ್ಡ್ ಅವರಿಗೆ, ತಮ್ಮ ಪತ್ರ ತಲುಪಿತು. ತಮ್ಮ ಪತಿಯ ಮರಣಕ್ಕಾಗಿ ವಿಷಾದಿಸುತ್ತೇನೆ. ನಮ್ಮ ಮನೆಗೆ ಬರಲು ತಾವು ಅನುಮತಿ ಕೇಳಿದ್ದೀರಿ. ಡೋರ್ಕಸ್ ಎಂಬ ನಮ್ಮ ಮಗಳು ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಈಗ ಹತ್ತು ದಿನ. ತಮ್ಮ ವಿಧೇಯ ಸೇವಕ, ಜೋನಸ್ ಆಲ್ಡರ್ಸನ್.’

ನಾನು ಆಗ ಎಂಟು ತಿಂಗಳು ತುಂಬಿದ ಬಸುರಿ. ಬಾಡಿಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ಓದಿದೆ.

ಈ ಕಾಗದದಲ್ಲಿ ಏನಿದೆಯೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ನನ್ನ ಅತ್ತೆ ಓದಿ, “ಎಷ್ಟು ಮರ್ಯಾದಸ್ಥರು ನಿಮ್ಮಪ್ಪ!” ಅಂದರು. ನಿಮಗೆ ತಿಳಿಯುತ್ತದೆ. ಆ ಮನುಷ್ಯ ಹುಟ್ಟಿದಾಗಿನಿಂದ ಯಾರನ್ನೂ ‘ಮಾನ್ಯ’ ಎಂದವರಲ್ಲ. ಯಾರ ಹೆಸರಿಗೂ ಮಿಸ್ಟರ್, ಮಿಸೆಸ್ ಹಚ್ಚಿದವರಲ್ಲ. ‘ವಿಧೇಯ ಸೇವಕ’ ಎಂದು ಬರೆದರೆ ಸುಳ್ಳಾಗುತ್ತದೆಂದು ಜಮೀನಿನ ಒಡೆಯನಿಗೂ ಬರೆಯುತ್ತಿರಲಿಲ್ಲ. ಜೂನ್ ಅನ್ನುವುದು ಅನ್ಯದೇವತೆಯ ಹೆಸರು, ಆರನೆಯ ತಿಂಗಳು ಅನ್ನಬೇಕು ಎಂದು ತೊಡೆಯ ಮೇಲೆ ಕೂರಿಸಿಕೊಂಡು ನನಗೆ ಬೆರಳೆಣಿಸಲು ಕಲಿಸಿದವರು ಅವರೇ. ನನ್ನನ್ನು ಹೊರಗಿಡುವುದಕ್ಕಾಗಿ ಒಂದೇ ಹಾಳೆಯಲ್ಲಿ ತಮ್ಮ ಧರ್ಮವನ್ನೆಲ್ಲ ಮುರಿದರು. ಬೈದು ಬರೆದಿದ್ದರೆ ‘ನೀನು’ ಎನ್ನಬೇಕಾಗುತ್ತಿತ್ತು.

ಮುಂದಿನ ತಿಂಗಳು ಮಗ ಹುಟ್ಟಿದ. ಬೇರೆ ಹೆಸರು ಎಷ್ಟು ಹುಡುಕಿದರೂ ಹೊಳೆಯಲಿಲ್ಲ. ತಾತನ ಹೆಸರಿಡುವ ರೂಢಿ ಮೈಗೆ ಅಂಟಿತ್ತು. ಜೋನಸ್ ಎಂದೇ ಬರೆಸಿದೆ. ಮೂವತ್ತಮೂರು ವರ್ಷದಿಂದ ದಿನಕ್ಕೆ ಹತ್ತು ಸಲ ಆ ಹೆಸರು ಕೂಗುತ್ತಿದ್ದೇನೆ. ಇದನ್ನೂ ನಿಮ್ಮ ವಂಶಾವಳಿಗೆ ಬೇಕಾದರೆ ಬರೆದುಕೊಳ್ಳಿ.

ಒಂದೇ ಒಂದು ಕೇಳುತ್ತೇನೆ. ಅಮ್ಮನಿಂದ ನನಗೆ ಒಂದು ಸಾಲೂ ಬರಲಿಲ್ಲ. ಅವಳೂ ಒಪ್ಪಿದ್ದಳೇ? ನಿಮ್ಮನ್ನು ಎತ್ತಿಕೊಂಡು ಆ ಹೆಸರಿನಿಂದ ಕರೆಯುವಾಗ ಅವಳ ಮುಖ ಹೇಗಿರುತ್ತಿತ್ತು?

ಇತಿ,
ಮಿಸೆಸ್ ಡಿ. ಪಿಕಾರ್ಡ್

*

ಸ್ಕೇರ್‌ಬೆಕ್
ಐದನೆಯ ತಿಂಗಳ 27ನೆಯ ದಿನ, 1934

ಅಕ್ಕಾ,

ನಿನ್ನ ಪ್ರಶ್ನೆಗೆ ಉತ್ತರ ಹುಡುಕಲು ಏಳು ವಾರ ಬೇಕಾಯಿತು. ಉತ್ತರ ಸಿಕ್ಕಮೇಲೆ ಬರೆಯಲು ಕೈ ಬರಲಿಲ್ಲ.

ಅಮ್ಮ ಹೋದಾಗ ನನಗೆ ಆರು ವರ್ಷ. ನೆನಪುಗಳು ಬಹಳ ಇಲ್ಲ, ಇರುವವು ಗಟ್ಟಿಯಾಗಿವೆ. “ಕೂಸೇ, ಬಾಗಿಲು ಹಾಕು, ಗಾಳಿ ಬರುತ್ತೆ.” “ಕೂಸೇ, ಕೋಳಿಗೆ ಕಾಳು ಹಾಕಿದೆಯಾ?” “ಬಾ ಕೂಸೇ, ತಲೆ ಬಾಚ್ತೀನಿ.” ಪಕ್ಕದ ಹೊಲದ ಹುಡುಗಿಯೊಬ್ಬಳು, “ನಿಮ್ಮಮ್ಮಂಗೆ ನಿನ್ನ ಹೆಸರೇ ಗೊತ್ತಿಲ್ವೇನೇ?” ಎಂದು ಆಡಿಕೊಂಡಿದ್ದಳು. ನಾನು ಮನೆಗೆ ಓಡಿ ಬಂದು ಕೇಳಿದ್ದೆ: “ಅಮ್ಮಾ, ನನ್ನ ಹೆಸರೇನು ಹೇಳು?” ಅಮ್ಮ ಹಿಟ್ಟು ನಾದುತ್ತಿದ್ದಳು. “ನಿಮ್ಮಪ್ಪನ್ನ ಕೇಳು” ಅಂದಳು. ತಮಾಷೆ ಎಂದುಕೊಂಡು ನಕ್ಕಿದ್ದೆ.

ಅಕ್ಕಾ, ಅಮ್ಮ ನನ್ನನ್ನು ಹೆಸರು ಹಿಡಿದು ಒಮ್ಮೆಯೂ ಕರೆದಿಲ್ಲ. ಇಷ್ಟು ವರ್ಷ ಅದನ್ನು ಮುದ್ದು ಎಂದುಕೊಂಡಿದ್ದೆ. ತಾಯಿ ಬಹಳ ಪ್ರೀತಿಸುತ್ತಿದ್ದಳು, ಅದಕ್ಕೇ ಕೂಸೇ ಎನ್ನುತ್ತಿದ್ದಳು ಎಂದು ಶಾಲೆಯ ಮಕ್ಕಳಿಗೆಲ್ಲ ಹೇಳಿದ್ದೇನೆ. ನಿನಗೆ ಇದರಿಂದ ಸಮಾಧಾನವಾಗುತ್ತದೆಂದು ಗೊತ್ತು. ಆಗಲಿ. ನನ್ನ ಪಾಲಿಗೆ ಇದ್ದ ಒಂದು ತಾಯಿಯ ನೆನಪನ್ನು ನಿನಗೆ ಬಿಟ್ಟುಕೊಟ್ಟಂತಾಯಿತು.

ಒಂದು ಸಲ ಬಾ. ನಾನು ಶಾಲೆಯಲ್ಲಿ ಇರದ, ವಾರದ ಏಳನೆಯ ದಿನ ಬಾ. ಅವನ ಎದುರು ನಿಲ್ಲು. ನಿನ್ನ ಮುಖ ನೋಡಿಯೂ ಅವನು ಆ ಕಾಗದದ ಮಾತು ಆಡಬಲ್ಲನೇ, ನೋಡೋಣ.

ನಿನ್ನ ತಂಗಿ,
ಡೋರ್ಕಸ್

*

ಹಲ್
17 ಜುಲೈ 1934

ಮಿಸ್ ಆಲ್ಡರ್ಸನ್ ಅವರಿಗೆ,

ಸ್ಟೇಷನ್ನಿನಲ್ಲಿ ನೀವು ಅಷ್ಟು ಅಳಬಾರದಿತ್ತು. ಜನ ನೋಡುತ್ತಿದ್ದರು.

ಆಡಬಲ್ಲರು ಎಂಬುದನ್ನು ನೀವೇ ಕಣ್ಣಾರೆ ಕಂಡಿರಿ. ಆದರೆ ನೀವು ಹಾಲು ತರಲು ಹೋದಾಗ ನಡೆದದ್ದು ನಿಮಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಗಿಲಲ್ಲಿ ನನ್ನನ್ನು ಕಂಡಾಗ ಅವರು ಟೊಪ್ಪಿ ತೆಗೆದರಲ್ಲ, ರಾಜ ಬಂದರೂ ತೆಗೆಯದ ಆ ಟೊಪ್ಪಿಯನ್ನು, ಆಗಲೇ ನನಗೆ ಗೊತ್ತಾಯಿತು. ಗುರುತು ಸಿಗದೆ ಹೋಗಿದ್ದರೆ ತೆಗೆಯುತ್ತಿರಲಿಲ್ಲ.

“ರೈಲಿನಲ್ಲಿ ತಮಗೆ ಆಯಾಸವಾಗಲಿಲ್ಲ ತಾನೇ, ಮಿಸೆಸ್ ಪಿಕಾರ್ಡ್?” ಅಂದರು.

“ಇಲ್ಲಪ್ಪಾ” ಅಂದೆ. ಬಾಯಿಂದ ಜಾರಿತು.

ಅವರು ಜಿಂಜರ್ ಕೇಕಿನ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ತಗೊಳ್ಳಿ. ನಮ್ಮ ಮಗಳು ಮಾಡಿದ್ದು.”

ನಾನು ತಗೊಂಡೆ. ತಿಂದೆ. ಅದು ಅಮ್ಮನ ಕೈಯ ಹದವೇ. ಬೈಸಿಕೊಳ್ಳಲು ತಯಾರಾಗಿ ಹೋಗಿದ್ದೆ, ಹೊರಗೆ ಹೋಗು ಅನ್ನಿಸಿಕೊಳ್ಳಲು ತಯಾರಾಗಿದ್ದೆ. ರೈಲಿನಲ್ಲಿ ದಾರಿಯುದ್ದಕ್ಕೂ ತಿರುಗಿ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ. ಕೇಕು ಕೊಟ್ಟವರಿಗೆ ಏನು ಹೇಳುವುದು?

ಹೊರಡುವಾಗ ನೀನು ನನಗೆ ಕೋಟು ತೊಡಿಸಿ, ಕಾಲರ್ ಸರಿ ಮಾಡಿದೆ. ನಿನ್ನನ್ನು ದ್ವೇಷಿಸಬೇಕೆಂದು ಬಂದವಳು ನಾನು. ಹೆಸರು ಕದ್ದವಳು ಹೇಗಿದ್ದಾಳೆಂದು ನೋಡಬೇಕಿತ್ತು. ನೀನು ನನ್ನಂತೆಯೇ ಎಡಗಾಲನ್ನು ಸ್ವಲ್ಪ ಒಳಗೆ ಇಟ್ಟು ನಡೆಯುತ್ತೀಯ. ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

ಡಿ. ಪಿ.

*

ಸ್ಕೇರ್‌ಬೆಕ್ ಶಾಲೆ
ಒಂಬತ್ತನೆಯ ತಿಂಗಳ 16ನೆಯ ದಿನ, 1934

ಅಕ್ಕಾ,

ಮೇಲಿನ ವಿಳಾಸ ಗಮನಿಸು. ಶಾಲೆಯ ಹಿಂದಿನ ಕೋಣೆಗೆ ಬಂದಿದ್ದೇನೆ.

ನೀನು ಹೋದ ಸಂಜೆ ಅಪ್ಪ ಬಹಳ ಹೊತ್ತು ಮೇಜಿನ ಮುಂದೆ ಕೂತಿದ್ದ. ಆಮೇಲೆ, “ಅವಳ ಬೆರಳು ನೋಡಿದೆಯಾ? ಟಾರು ಕಚ್ಚಿ ಕಪ್ಪಾಗಿದೆ. ರೆಬೆಕಾಳ ಕೈ ಅದು” ಅಂದ. ಬಾಗಿಲು ತೆರೆಯಿತು ಎಂದುಕೊಂಡೆ. ಹೆದರುತ್ತಾ ವಂಶಾವಳಿಯ ಹಾಳೆ ಅವನ ಮುಂದಿಟ್ಟೆ. ಅದರಲ್ಲಿ ನೀನು, ಥಾಮಸ್, ನಿನ್ನ ಜೋನಸ್, ಎಲ್ಲರೂ ಇದ್ದಿರಿ.

ಕನ್ನಡಕ ಹಾಕಿಕೊಂಡು ಓದಿದ. “ಇದನ್ನ ತೆಗಿ.”

“ಯಾಕೆ?”

“ಈ ಮನೆಗೆ ಒಬ್ಬಳು ಡೋರ್ಕಸ್ ಸಾಕು.”

“ಹಾಗಿದ್ರೆ ನನ್ನ ತೆಗಿ. ಮೊದಲು ಬಂದೋಳು ಅವಳು. ನನಗೆ ಹೆಸರೇ ಇಲ್ಲ, ಇರೋದು ಅವಳದ್ದು. ಅಮ್ಮಂಗೂ ಅದು ಗೊತ್ತಿತ್ತು.”

“ನಿಮ್ಮಮ್ಮನ ಮಾತು ಎತ್ತಬೇಡ.”

“ಆರು ವರ್ಷ ನನ್ನ ಹೆಸರು ಹಿಡಿದು ಕರೀಲಿಲ್ಲ ಅವಳು. ನಿನಗೆ ಕೇಳಿಸಲಿಲ್ವಾ?”

“ಕೇಳಿಸ್ತಿತ್ತು” ಅಂದ ಅಪ್ಪ. “ದಿನಾ ಕೇಳಿಸ್ತಿತ್ತು.”

ಅಷ್ಟು ಹೇಳಿಯೂ ಹಾಳೆಯನ್ನು ನನ್ನ ಕಡೆ ತಳ್ಳಿದ. ಪೆನ್ಸಿಲ್ ತಾನೇ ಎತ್ತಿಕೊಟ್ಟ, ನಿನ್ನ ಸಾಲು ಹೊಡೆದುಹಾಕಲು. ನಾನು ಮರುದಿನ ಪೆಟ್ಟಿಗೆ ಕಟ್ಟಿದೆ.

ನಿನ್ನ ತಂಗಿ,
ಡೋರ್ಕಸ್

*

ಹಲ್
11 ನವೆಂಬರ್ 1934

ಮಿಸ್ ಆಲ್ಡರ್ಸನ್ ಅವರಿಗೆ,

ಹಿಂದಿನ ಪತ್ರದಲ್ಲಿ ನಾಲ್ಕು ಸಾಲು ‘ನೀನು’ ಎಂದು ಬರೆದೆ. ದಣಿದಿದ್ದೆ. ಮರೆತುಬಿಡಿ.

ನನಗಾಗಿ ಮನೆ ಬಿಟ್ಟಿರೆಂದು ನಾನು ಕೃತಜ್ಞತೆ ಹೇಳಬೇಕೇ? ನಾನು ಕೇಳಿರಲಿಲ್ಲ. ಎಂಬತ್ತರ ಮುದುಕರು ಒಬ್ಬರೇ ಗಂಜಿ ಕಾಯಿಸಿಕೊಳ್ಳುತ್ತಿದ್ದಾರೆಂಬ ಪಾಪವನ್ನೂ ನನ್ನ ತಲೆಗೆ ಕಟ್ಟಿದಿರಿ. ಅವರಿಗೆ ದಿನಾ ಕೇಳಿಸುತ್ತಿತ್ತಂತೆ. ಕೇಳಿಸಿಯೂ ಮೂವತ್ತನಾಲ್ಕು ವರ್ಷ ಸುಮ್ಮನಿದ್ದವರು ಅವರು. ಇಷ್ಟು ದಿನ ಅವರ ಕಿವಿ ಮುಚ್ಚಿತ್ತೆಂದು ನಂಬಿ ಬದುಕಿದ್ದೆ. ಅದನ್ನೂ ನೀವು ಉಳಿಸಲಿಲ್ಲ.

ಆ ಪುಸ್ತಕಕ್ಕೆ ನನ್ನದೊಂದು ಕೋರಿಕೆ. ಮೊದಲನೆಯ ಡೋರ್ಕಸಳ ಸಾವಿನ ದಿನ ಸಿಗಲಿಲ್ಲವೆಂದು ಹುಡುಕಿದಿರಲ್ಲ? ನಾನು ಕೊಡುತ್ತೇನೆ, ಬರೆದುಕೊಳ್ಳಿ: 20 ಜೂನ್ 1900. ನಿಮ್ಮ ತಂದೆಗೂ ಒಪ್ಪಿಗೆಯಾಗುತ್ತದೆ, ನಿಮ್ಮ ಪಾಠವೂ ಸುಳ್ಳಾಗುವುದಿಲ್ಲ.

ಇತಿ,
ಮಿಸೆಸ್ ಡಿ. ಪಿಕಾರ್ಡ್

*

ಸ್ಕೇರ್‌ಬೆಕ್
ಮೊದಲನೆಯ ತಿಂಗಳ 13ನೆಯ ದಿನ, 1935

ಅಕ್ಕಾ,

ತಂತಿ ತಲುಪಿರಬೇಕು. ಅಪ್ಪ ಹೋಗಿ ಹನ್ನೊಂದು ದಿನವಾಯಿತು. ನೀನು ಬರುವೆಯೆಂದು ಎರಡು ರೈಲಿಗೂ ಹೋಗಿ ನಿಂತಿದ್ದೆ.

ಮೂರು ವಾರ ಮಲಗಿದ್ದ. ನಾನು ಮನೆಗೆ ಮರಳಿ ನೋಡಿಕೊಂಡೆ. ನನ್ನ ಮೇಲೆ ಸಿಟ್ಟಿರಲಿಲ್ಲ; ಗಂಜಿ ಕುಡಿಸಿದರೆ ಕುಡಿಯುತ್ತಿದ್ದ. ನಿನ್ನ ಹೆಸರು ಎತ್ತಿದೆ, ಗೋಡೆಯ ಕಡೆ ತಿರುಗಿದ. ಕೊನೆಯ ಮೂರು ದಿನ ಮಾತೇ ಇಲ್ಲ. ನಮ್ಮವರಿಗೆ ಮೌನವೆಂದರೆ ಪ್ರಾರ್ಥನೆ. ಅವನದು ಯಾವ ಮೌನವೋ ನನಗೆ ತಿಳಿಯಲಿಲ್ಲ, ತಿಳಿದಂತೆ ನಟಿಸಲಾರೆ.

ಹೂಳುವ ಮೊದಲು ಸಭಾಮನೆಯಲ್ಲಿ ಎಲ್ಲರೂ ಕೂತೆವು. ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಜೋನಸ್ ಆಲ್ಡರ್ಸನ್ ರಾಜನನ್ನೂ ಭಿಕ್ಷುಕನನ್ನೂ ಒಂದೇ ಮಾತಿನಲ್ಲಿ ಕರೆದವನು ಎಂದರು. ಅವನ ನಾಲಗೆಯಲ್ಲಿ ಎರಡು ಮಾತಿರಲಿಲ್ಲ ಎಂದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಎದ್ದು ನಿಂತೆ.

“ಅಪ್ಪನಿಗೆ ಇನ್ನೊಬ್ಬಳು ಮಗಳಿದ್ದಾಳೆ. ಬದುಕಿದ್ದಾಳೆ. ಹೆಸರು ಡೋರ್ಕಸ್. ಅವಳ ಹೆಸರನ್ನ ಅವಳು ಬದುಕಿರುವಾಗಲೇ ನನಗೆ ಕೊಟ್ಟ. ಅವಳೊಬ್ಬಳನ್ನ ಮಾತ್ರ ಅವನು ‘ನೀವು’ ಅಂದ.”

ಸಭೆಯ ನಡಾವಳಿ ಬರೆಯುವ ಮುದುಕ ಮೆಲ್ಲಗೆ ಕೇಳಿದ: “ಇದನ್ನೂ ಬರ್ಕೋಬೇಕಾ, ಡೋರ್ಕಸ್?”

“ಬರ್ಕೋ” ಅಂದೆ.

ನೀನು ಕೊಟ್ಟ ದಿನವನ್ನು ನಾನು ಬರೆಯುವುದಿಲ್ಲ. ನೀನು ಸತ್ತಿಲ್ಲ. ಪುಸ್ತಕ ಅಚ್ಚಿಗೆ ಹೋಗಿದೆ. ಅಪ್ಪನ ಹೆಸರಿನ ಕೆಳಗೆ ಇಬ್ಬರು ಡೋರ್ಕಸ್ ಇದ್ದಾರೆ, ಇಬ್ಬರ ಮುಂದೆಯೂ ಸಾವಿನ ಜಾಗ ಖಾಲಿ ಇದೆ. ಪುಸ್ತಕದ ಸಮಿತಿಯ ಇಬ್ಬರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಮನೆಯಲ್ಲೀಗ ನಾನೊಬ್ಬಳೇ. ಬರುತ್ತೀಯಾ? ಇಲ್ಲವೇ ನಾನೇ ಬರಲೇ?

ನಿನ್ನ ತಂಗಿ,
ಡೋರ್ಕಸ್

*

ಹಲ್
24 ಫೆಬ್ರವರಿ 1935

ಮಾನ್ಯ ಮಿಸ್ ಆಲ್ಡರ್ಸನ್ ಅವರಿಗೆ,

ನಾವು ಭೇಟಿಯಾಗಿಲ್ಲ. ನಾನು ಮಿಸೆಸ್ ಪಿಕಾರ್ಡ್ ಅವರ ಮಗ. ನಿಮ್ಮ ಪತ್ರವನ್ನು ಅಮ್ಮ ಓದಿದರು. ಉತ್ತರ ಬರೆಯುವುದಿಲ್ಲವಂತೆ, ನೀವು ಬರುವುದೂ ಬೇಡವಂತೆ. ಇದನ್ನು ತಿಳಿಸಲು ನನಗೆ ಹೇಳಿದರು. ಎರಡು ವಿಷಯವನ್ನು ಮಾತ್ರ ಅವರಿಗೆ ಗೊತ್ತಿಲ್ಲದಂತೆ ಸೇರಿಸುತ್ತಿದ್ದೇನೆ.

ನಿಮ್ಮ ತಂತಿ ಬಂದ ಮರುದಿನ ಬೆಳಿಗ್ಗೆ ಅಮ್ಮ ಕಪ್ಪು ಬಟ್ಟೆ ಹಾಕಿಕೊಂಡು, ಟೊಪ್ಪಿ ಧರಿಸಿ, ಚೀಲ ಹಿಡಿದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. “ಸ್ಟೇಷನ್ನಿಗೆ ನಾನೂ ಬರ್ಲಾ?” ಎಂದೆ. “ಯಾರಾಗಿ ಹೋಗ್ಲಿ ಹೇಳು, ಹೋಗ್ತೀನಿ” ಅಂದರು. ಕತ್ತಲಾಗುವವರೆಗೂ ಹಾಗೇ ಕೂತಿದ್ದು, ಎದ್ದು ಬಟ್ಟೆ ಬದಲಿಸಿ ಬಲೆ ಹೆಣೆಯಲು ಹೋದರು.

ಹೋದ ಮಂಗಳವಾರ ನಮಗೆ ಮಗಳು ಹುಟ್ಟಿದಳು. ಅಜ್ಜಿಯ ಹೆಸರಿಡಬೇಕೆಂದು ನನ್ನ ಹೆಂಡತಿಗೆ ಬಹಳ ಆಸೆಯಿತ್ತು. ಅಮ್ಮನನ್ನು ಕೇಳಿದೆವು. “ಆ ಹೆಸರಿಗೆ ಈಗಾಗ್ಲೇ ಇಬ್ಬರು ಸಿಕ್ಕಿಹಾಕ್ಕೊಂಡಿದೀವಿ. ಮೂರನೆಯೋಳು ಬೇಡ” ಅಂದರು. ಮಗುವಿಗೆ ಜೋನ್ ಎಂದು ಹೆಸರಿಟ್ಟಿದ್ದೇವೆ. ಎದುರು ಮನೆಯವರು ಸೂಚಿಸಿದ್ದು. ನಮ್ಮ ಕಡೆ ಇದುವರೆಗೆ ಯಾರಿಗೂ ಇಲ್ಲದ ಹೆಸರು.

ತಮ್ಮ ವಿಶ್ವಾಸಿ,
ಜೋನಸ್ ಪಿಕಾರ್ಡ್